ರವಕೆಯ ಕೈ, ಕೋಟಿನ ಕಾಲರು: ಹಳೆಯ ಫೋಟೋದ ಕಾಲ ಹಿಡಿಯುವ ಬಗೆ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಹಳೆಯ ಮನೆಗಳ ಚಾವಡಿಯಲ್ಲಿ ಸಾಲಾಗಿ ತೂಗುವ ಫೋಟೋಗಳಲ್ಲಿ ಅರ್ಧದಷ್ಟಕ್ಕೆ ಈಗ ಹೆಸರಿಲ್ಲ. ಹೆಸರು ಗೊತ್ತಿದ್ದ ಕೊನೆಯ ಅಜ್ಜಿ ಹೋದ ಮೇಲೆ "ಇದು ಅಜ್ಜನ ಅಪ್ಪ ಇರಬೇಕು" ಎಂಬ ಊಹೆ ಉಳಿಯುತ್ತದೆ. ಇನ್ನೊಂದು ತಲೆಮಾರು ಕಳೆದರೆ ಆ ಊಹೆಯೇ ವಂಶವೃಕ್ಷದಲ್ಲಿ ಸತ್ಯವಾಗಿ ಕೂರುತ್ತದೆ. ಮುಖ ನೋಡಿ ಕಾಲ ಹೇಳಲಾಗದು, ಬಟ್ಟೆ ನೋಡಿ ಹೇಳಬಹುದು. ಹತ್ತು ವರ್ಷದ ಅಂತರದೊಳಗೆ ಹಿಡಿದರೂ ಸಾಕು, ಅದು ಅಜ್ಜನ ಅಪ್ಪನೋ ಅಜ್ಜನ ಅಣ್ಣನೋ ಎಂಬ ಜಗಳ ಮುಗಿಯುತ್ತದೆ.

ಈ ಕೆಲಸಕ್ಕೆ ಒಂದೇ ಸೂತ್ರ. ಚಿತ್ರದಲ್ಲಿರುವ ವಸ್ತುಗಳ ಪೈಕಿ ಎಲ್ಲಕ್ಕಿಂತ ಹೊಸದು ಯಾವುದೋ ಅದೇ ಕಾಲವನ್ನು ಹೇಳುತ್ತದೆ. ಹಳೆಯ ವಸ್ತುವಿಗೆ ಆ ಅಧಿಕಾರವಿಲ್ಲ. 1950ರ ಫೋಟೋದಲ್ಲಿ 1890ರ ಅಡ್ಡಿಗೆ ಸರ ಇರಬಹುದು, 1890ರ ಫೋಟೋದಲ್ಲಿ 1950ರ ಕೈಗಡಿಯಾರ ಇರಲಾರದು. ಜನ ಎಡವುವುದು ಇಲ್ಲಿಯೇ. ಮುಂಡಾಸು ಕಂಡ ಕೂಡಲೇ "ನೂರೈವತ್ತು ವರ್ಷ ಹಳತು" ಎಂದು ಬಿಡುತ್ತಾರೆ, ಮುಂಡಾಸಿನ ಅಜ್ಜನ ಪಕ್ಕ ನಿಂತ ಹುಡುಗನ ಅಂಗಿಯನ್ನು ನೋಡುವುದೇ ಇಲ್ಲ.

ಗೋಡೆಯಿಂದ ಇಳಿಸುವಾಗ

ಮಳೆಗಾಲದಲ್ಲಿ ಫೋಟೋದ ಕಟ್ಟು (ಫ್ರೇಮು) ಬಿಚ್ಚಬೇಡಿ. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲೇ ನೀರಿರುತ್ತದೆ. ಫೋಟೋದ ಮೇಲ್ಪದರ ಜೆಲಾಟಿನ್, ಅಂದರೆ ಒಂದು ಬಗೆಯ ಅಂಟು. ತೇವ ಕುಡಿದರೆ ಉಬ್ಬಿ ಗಾಜಿಗೆ ಹತ್ತಿಕೊಳ್ಳುತ್ತದೆ, ಎಳೆದರೆ ಚಿತ್ರ ಗಾಜಿನಲ್ಲಿ, ಕಾಗದ ಕೈಯಲ್ಲಿ. ಜನವರಿಯಿಂದ ಮಾರ್ಚ್ ಒಳ್ಳೆಯ ಸಮಯ. ಆಗಲೂ ಗಾಜಿಗೆ ಅಂಟಿದ ಭಾಗ ಕಂಡರೆ ಎಬ್ಬಿಸುವ ಸಾಹಸ ಬೇಡ, ಗಾಜಿನ ಸಮೇತವೇ ಫೋಟೋ ತೆಗೆಯಿರಿ. ಬಿಸಿಲು ನೇರ ಬೀಳದ ಕಿಟಕಿಯ ಹತ್ತಿರ ಇಟ್ಟು, ಫ್ಲ್ಯಾಶ್ ಆರಿಸಿ, ನಿಮ್ಮ ಬೆನ್ನ ಹಿಂದೆ ಕಪ್ಪು ಬಟ್ಟೆ ತೂಗುಹಾಕಿದರೆ ಗಾಜಿನಲ್ಲಿ ನಿಮ್ಮ ಪ್ರತಿಬಿಂಬ ಬೀಳುವುದಿಲ್ಲ.

ಕಟ್ಟಿನ ಹಿಂಬದಿಯ ಹಲಗೆ ತೆಗೆದಾಗ ಸಿಗುವ ಕಾಗದವನ್ನು ಎಸೆಯಬೇಡಿ. ಕಟ್ಟು ಹಾಕುವವರು ಒತ್ತಿಗೆ ಹಳೆಯ ಪತ್ರಿಕೆ, ಕ್ಯಾಲೆಂಡರ್ ಹಾಳೆ ಇಡುವುದು ರೂಢಿ. ಅದರಲ್ಲಿ 'ಉದಯವಾಣಿ'ಯ ಹಾಳೆ ಇದ್ದರೆ ಕಟ್ಟು ಹಾಕಿದ್ದು 1970ರ ನಂತರ, ಏಕೆಂದರೆ ಪತ್ರಿಕೆ ಹುಟ್ಟಿದ್ದೇ ಆ ವರ್ಷ. ಇದು ಕಟ್ಟಿನ ಕಾಲ, ಫೋಟೋದ ಕಾಲವಲ್ಲ. ಆದರೂ ಬರೆದಿಡಿ.

ಬಿಡಿ ಫೋಟೋ ಸಿಕ್ಕರೆ ಸ್ಕ್ಯಾನರಿನಲ್ಲಿ 600 ಡಿಪಿಐಗೆ (ಇಂಚಿಗೆ 600 ಚುಕ್ಕೆ), ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾದರೆ 1200ಕ್ಕೆ. ಕಪ್ಪುಬಿಳುಪಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಕಾಗದದ ಹಳದಿ, ಕಂದು ಛಾಯೆಯೂ ಒಂದು ಸಾಕ್ಷಿ. ಆರೂವರೆ ಇಂಚು ಉದ್ದ, ನಾಲ್ಕೂಕಾಲು ಇಂಚು ಅಗಲದ ರಟ್ಟಿನ ಫೋಟೋ 600 ಡಿಪಿಐಗೆ 3900 × 2550 ಪಿಕ್ಸೆಲ್ ಆಗುತ್ತದೆ, ಟಿಫ್ ಕಡತ ಸುಮಾರು 30 ಎಂಬಿ. ಇಷ್ಟಿದ್ದರೆ ಕೋಟಿನ ಗುಂಡಿ ಎಣಿಸಬಹುದು. ವಾಟ್ಸಾಪಿನಲ್ಲಿ ಬಂದ ಪ್ರತಿಯಲ್ಲಿ ಗುಂಡಿ ಹೋಗಲಿ, ಕಾಲರೇ ಕಾಣದು. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಖಾಲಿ ಇದ್ದರೂ ಸರಿ.

ಮೊದಲು ಕಾಗದ, ಆಮೇಲೆ ಬಟ್ಟೆ

ಬಟ್ಟೆಯ ಲೆಕ್ಕ ಮಾಡುವ ಮುನ್ನ ಫೋಟೋ ಅದೇ ಕಾಲದ ಪ್ರತಿಯೋ, ಹಳೆಯದರಿಂದ ಆಮೇಲೆ ತೆಗೆಸಿದ ನಕಲೋ ನೋಡಬೇಕು. ತೆಳುವಾದ ಕಾಗದವನ್ನು ದಪ್ಪ ರಟ್ಟಿಗೆ ಅಂಟಿಸಿ, ಬಿಳಿಯ ಜಾಗ ಹಳದಿಗಟ್ಟಿ, ಕಪ್ಪಿನಲ್ಲಿ ನೇರಳೆಗಂದು ಛಾಯೆ ಇದ್ದರೆ ಅದು ಮೊಟ್ಟೆಯ ಬಿಳಿ ಬಳಿದ ಆಲ್ಬುಮೆನ್ ಕಾಗದ, ಹೆಚ್ಚಾಗಿ 19ನೇ ಶತಮಾನದ್ದು. ಓರೆಯಾಗಿ ಹಿಡಿದಾಗ ಕಪ್ಪು ಭಾಗಗಳಲ್ಲಿ ಬೆಳ್ಳಿಯಂಥ ಹೊಳಪು ತೋರಿದರೆ ಜೆಲಾಟಿನ್ ಕಾಗದ, ಬಹುಪಾಲು 20ನೇ ಶತಮಾನದ್ದು. ಹಿಂಬದಿಯಲ್ಲಿ ಪೋಸ್ಟ್ ಕಾರ್ಡಿನ ಗೆರೆ, ಅಂಚೆಚೀಟಿಯ ಚೌಕ ಅಚ್ಚಾಗಿದ್ದರೆ 1900ರ ಈಚೆಗೆ. ಅಂಚನ್ನು ಅಲೆಅಲೆಯಾಗಿ ಕತ್ತರಿಸಿದ್ದು 1930ರಿಂದ 60ರ ದಶಕದ ತನಕದ ಷೋಕಿ. ಚೌಕದ ಚಿಕ್ಕ ಪ್ರಿಂಟುಗಳು 120 ಫಿಲ್ಮಿನ ಆರಕ್ಕಾರು ಸೆಂಟಿಮೀಟರ್ ನೆಗೆಟಿವಿನವು. ಆಗ್ಫಾ ಕ್ಲಿಕ್ ಥರದ ಡಬ್ಬ ಕ್ಯಾಮರಾ ಮನೆಮನೆಗೆ ಬಂದ ಮೇಲಿನವೇ ಇವುಗಳಲ್ಲಿ ಹೆಚ್ಚು. ಕಾಗದ ಪ್ಲಾಸ್ಟಿಕ್ಕಿನ ಹಾಗೆ ನುಣುಪಾಗಿದ್ದು, ಸುರುಳಿಯಾಗದೆ ಚಪ್ಪಟೆಯಾಗಿಯೇ ಉಳಿದಿದ್ದರೆ 1970ರ ದಶಕದಿಂದೀಚಿನದು. ಅಂಥ ಕಾಗದದ ಮೇಲೆ ಮುಂಡಾಸಿನ ಅಜ್ಜ ಕೂತಿದ್ದರೆ ಅದು ನಕಲು. ಮೂಲ ಬೇರೆ ಯಾವ ಪಾಲುದಾರರ ಮನೆಯಲ್ಲಿದೆ ಎಂದು ಹುಡುಕಿ.

ಹಿಂಬದಿಯ ಮೊಹರಿನ ವಿಷಯದಲ್ಲಿ ಕಾಸರಗೋಡಿನವರು ಅದೃಷ್ಟವಂತರು. ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ರಾಜ್ಯ ಮರುವಿಂಗಡಣೆಯ ನೋವು ಏನೇ ಇರಲಿ, ಫೋಟೋದ ಕಾಲ ಹಿಡಿಯಲು ಅದರಷ್ಟು ಉಪಕಾರ ಮಾಡಿದ್ದು ಬೇರೊಂದಿಲ್ಲ. ಸ್ಟುಡಿಯೋದ ವಿಳಾಸದಲ್ಲಿ ಕಾಸರಗೋಡಿನ ಮುಂದೆ 'ಸೌತ್ ಕೆನರಾ', 'ಎಸ್.ಕೆ.' ಅಥವಾ 'ದ.ಕ.' ಇದ್ದರೆ ಮೊಹರು ಮಾಡಿಸಿದ್ದು 1956ರ ನವೆಂಬರ್ 1ಕ್ಕೆ ಮೊದಲು. 'ಕಣ್ಣಾನೂರು ಜಿಲ್ಲೆ' ಇದ್ದರೆ 1957ರಿಂದ 1984ರೊಳಗೆ. 'ಕಾಸರಗೋಡು ಜಿಲ್ಲೆ' ಇದ್ದರೆ 1984ರ ಮೇ 24ರ ನಂತರ. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ. ಬೆಲೆಯನ್ನು ಆಣೆಯಲ್ಲಿ ಬರೆದಿದ್ದರೆ ಹೆಚ್ಚುಕಮ್ಮಿ 1957ರ ಏಪ್ರಿಲಿಗೆ ಮೊದಲು, 'ನಯೇ ಪೈಸೆ' ಎಂದಿದ್ದರೆ 1957–64. ಹಳೆಯ ಮೊಹರನ್ನು ಮುಗಿಯುವ ತನಕ ಒತ್ತುವವರೂ ಇರುತ್ತಾರೆ, ಹಾಗಾಗಿ ಮೇಲ್ಮಿತಿಗೆ ಎರಡು ಮೂರು ವರ್ಷ ಸಡಿಲು ಬಿಡಿ. ಕೆಳಮಿತಿ ಮಾತ್ರ ಗಟ್ಟಿ: ಇಲ್ಲದ ಜಿಲ್ಲೆಯ ಹೆಸರನ್ನು ಯಾರೂ ಮೊದಲೇ ಅಚ್ಚು ಹಾಕಿಸುವುದಿಲ್ಲ.

ಹಿರಿಯರು ಇಸವಿ ಬರೆಯದೆ ಸಂವತ್ಸರ ಬರೆದಿರುವುದೇ ಹೆಚ್ಚು. 'ವಿಕೃತಿ ಸಂವತ್ಸರ' ಎಂದರೆ 1890–91 ಆಗಬಹುದು, 1950–51 ಆಗಬಹುದು. ಅರುವತ್ತು ವರ್ಷದ ಈ ಎರಡು ಆಯ್ಕೆಗಳ ನಡುವೆ ತೀರ್ಪು ಕೊಡಲು ಬಟ್ಟೆಯಷ್ಟು ಒಳ್ಳೆಯ ನ್ಯಾಯಾಧೀಶ ಇಲ್ಲ. ಮಲಯಾಳ ಕಡೆಯ ನಂಟರು ಕೊಲ್ಲವರ್ಷ ಬರೆದಿದ್ದರೆ 824 ಅಥವಾ 825 ಕೂಡಿಸಿ: 1110 ಎಂದಿದ್ದರೆ 1934–35.

ಕಪ್ಪು ಕಂಡದ್ದೆಲ್ಲ ಕಪ್ಪಲ್ಲ

ಇದನ್ನು ತಿಳಿಯದೆ ಬಟ್ಟೆಯ ಕಡೆ ಹೋಗಲೇಬಾರದು. 19ನೇ ಶತಮಾನದ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಕಾಣುತ್ತಿತ್ತು. ಆಮೇಲೆ ಬಂದ ಆರ್ಥೊಕ್ರೊಮ್ಯಾಟಿಕ್ ಪ್ಲೇಟುಗಳಿಗೆ ಹಸಿರೂ ಕಂಡಿತು, ಕೆಂಪು ಕಾಣಲಿಲ್ಲ. ಎಲ್ಲ ಬಣ್ಣವೂ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು 1930ರ ದಶಕದಿಂದೀಚೆಗೆ ಸಾಮಾನ್ಯವಾಯಿತು, ಅದೂ ಊರ ಸ್ಟುಡಿಯೋಗಳಿಗೆ ನಿಧಾನವಾಗಿ ತಲುಪಿತು.

ಹಾಗಾಗಿ ಹಳೆಯ ಫೋಟೋದಲ್ಲಿ ಕೆಂಪು ಸೀರೆ ಮಸಿಯಂತೆ ಕಪ್ಪು, ಆಕಾಶನೀಲಿ ಸೀರೆ ಹೆಚ್ಚುಕಮ್ಮಿ ಬಿಳಿ. ಜರಿ ಮಂಕು. ಎಲೆಅಡಿಕೆ ಹಾಕಿದ ಬಾಯಿ ಕಪ್ಪು. ಅರಸಿನ ಹಚ್ಚಿದ ಮುಖ ಇದ್ದುದಕ್ಕಿಂತ ಹೆಚ್ಚು ಕಪ್ಪಗೆ ಬೀಳುತ್ತದೆ. "ನಮ್ಮ ದೊಡ್ಡಜ್ಜಿ ಕಪ್ಪು ಇದ್ದರಂತೆ" ಎಂಬ ಎಷ್ಟೋ ಮನೆಯ ಮಾತಿಗೆ ಪ್ಲೇಟಿನ ಈ ಕುರುಡೇ ಕಾರಣ. ಬ್ರಾಹ್ಮಣರ ಮನೆಯ ಗುಂಪು ಫೋಟೋದಲ್ಲಿ ತಲೆ ಮುಚ್ಚಿಕೊಂಡು, ಬಳೆ ಇಲ್ಲದೆ, ಅಂಚೂ ಇಲ್ಲದ ಕಡುಗಪ್ಪು ಬಟ್ಟೆಯಲ್ಲಿ ಮೂಲೆಗೆ ಕೂತ ಹೆಂಗಸು ಕಂಡರೆ ಆ ಬಟ್ಟೆ ಕಪ್ಪಲ್ಲ. ಅದು ವಿಧವೆಯರು ಉಡುತ್ತಿದ್ದ ಕೆಂಪು ಸೀರೆ. ಕಥೋಲಿಕರ ಮದುವೆ ಫೋಟೋದಲ್ಲಿ ಮದುಮಗಳ ಸೀರೆ ಕಪ್ಪಗಿದ್ದರೆ ಅದು ಶೋಕದ ಬಟ್ಟೆಯಲ್ಲ, ಕೆಂಪು ಸಾಡೊ, ಅಂದರೆ ಮದುವೆಯ ಸೀರೆ.

ಪರೀಕ್ಷೆ ಸುಲಭ. ಮದುವೆಯಾದ ಹೆಂಗಸಿನ ಹಣೆಯ ಕುಂಕುಮ ಕಾಡಿಗೆಯಷ್ಟು ಕಪ್ಪಾಗಿ ಎದ್ದು ಕಂಡರೆ ಕೆಂಪು ಕಾಣದ ಪ್ಲೇಟು. ಕುಂಕುಮ ನಸುಬೂದಿಯಾಗಿ ಚರ್ಮದಲ್ಲಿ ಕರಗಿದಂತಿದ್ದರೆ ಪ್ಯಾನ್‌ಕ್ರೊಮ್ಯಾಟಿಕ್, ಅಂದರೆ ಈಚಿನದು. ಮಕ್ಕಳ ಹಣೆಯ ಬೊಟ್ಟಿನ ಮೇಲೆ ಈ ಪರೀಕ್ಷೆ ನಡೆಯದು, ಅದು ನಿಜಕ್ಕೂ ಕಪ್ಪೇ.

ಮೊಬೈಲಿನ ಬಣ್ಣ ತುಂಬುವ ಆ್ಯಪ್‌ಗಳನ್ನು ಈ ಕೆಲಸಕ್ಕೆ ನಂಬಬೇಡಿ. ಅವು ಕಪ್ಪಾಗಿ ಬಿದ್ದ ಕೆಂಪು ಸೀರೆಗೆ ಕಡುನೀಲಿ ಬಳಿಯುತ್ತವೆ. ಮುಖ ಸ್ಪಷ್ಟ ಮಾಡುವ ಆ್ಯಪ್‌ಗಳು ಇನ್ನೂ ಕೆಟ್ಟವು, ಇಲ್ಲದ ಜರಿಯನ್ನೂ ಇಲ್ಲದ ಮೂಗುತಿಯನ್ನೂ ತಾವೇ ನೇಯ್ದು ಕೊಡುತ್ತವೆ.

ಯಾರನ್ನು ಮೊದಲು ನೋಡಬೇಕು

ಗುಂಪಿನಲ್ಲಿ ಹದಿನೆಂಟರಿಂದ ಮೂವತ್ತರ ಒಳಗಿನ ಹೆಂಗಸು ಇದ್ದರೆ ಅವಳಿಂದ ಶುರುಮಾಡಿ. ಹೊಸ ಹೊಲಿಗೆ ಮೊದಲು ಏರುವುದು ಅವಳ ಮೈಮೇಲೆ. ಅರುವತ್ತು ದಾಟಿದವರು ತಮ್ಮ ಮದುವೆಯ ಕಾಲದ ಕ್ರಮವನ್ನೇ ಬಿಡದೆ ಉಡುತ್ತಾರೆ, ಅವರ ಬಟ್ಟೆ ಇಪ್ಪತ್ತು ಮೂವತ್ತು ವರ್ಷ ಹಿಂದಿನದು. ರವಕೆಯೇ ಇಲ್ಲದೆ ಸೆರಗು ಹೊದ್ದ ಅಜ್ಜಿ 1950ರ ಫೋಟೋದಲ್ಲೂ ಇರಬಹುದು. ಅದರಿಂದ ಫೋಟೋ ಹಳತಾಗುವುದಿಲ್ಲ.

ತರುಣಿಯ ಮೈಮೇಲೆ ಸೀರೆಗಿಂತ ರವಕೆ ಮುಖ್ಯ. ಸೀರೆ ತಾಯಿಯದ್ದೋ ಅತ್ತೆಯದ್ದೋ ಆಗಿರಬಹುದು, ರವಕೆಯನ್ನು ಅವಳ ಅಳತೆಗೇ ಹೊಲಿಯಬೇಕು. ಕತ್ತಿನ ತನಕ ಮುಚ್ಚಿದ, ಮಣಿಕಟ್ಟಿನ ತನಕ ಕೈ ಇರುವ, ಕುತ್ತಿಗೆಗೂ ಕೈತುದಿಗೂ ನಿರಿಗೆಯ ಲೇಸು ಹಚ್ಚಿದ, ಭುಜದಲ್ಲಿ ಉಬ್ಬಿದ ರವಕೆ ಸುಮಾರು 1890ರಿಂದ 1915ರ ಒಳಗಿನದು. ಇಂಗ್ಲೆಂಡಿನ ದೊರೆಸಾನಿಯರ ಜಾಕೀಟನ್ನು ನೋಡಿ ಬಂದದ್ದು ಇದು, ಓದಿದ ಮನೆತನಗಳಲ್ಲೂ ಮಿಷನ್ ಶಾಲೆಯ ಹುಡುಗಿಯರಲ್ಲೂ ಮೊದಲು ಕಾಣುತ್ತದೆ. ಆಮೇಲೆ ಕುತ್ತಿಗೆ ಇಳಿಯುತ್ತಾ ಕೈ ಮೊಣಕೈಗೆ ಬಂತು, 1920–30ರ ದಶಕ. 1930ರ ಕೊನೆಯಿಂದ 40ರ ದಶಕಕ್ಕೆ ಪುಗ್ಗೆ ಕೈ: ಗಿಡ್ಡ, ಭುಜದಲ್ಲಿ ಗುಂಡಗೆ ಉಬ್ಬಿದ್ದು. 50ರ ದಶಕದಲ್ಲಿ ಉಬ್ಬು ಇಳಿದು ಮೈಗೆ ಹತ್ತುವ ಹೊಲಿಗೆ, ಮೊಣಕೈಗಿಂತ ಸ್ವಲ್ಪ ಮೇಲಿನ ಕೈ. 60ರ ದಶಕದಲ್ಲಿ ಗಿಡ್ಡ, ಬಿಗಿ, ಪೇಟೆಯವರಲ್ಲಿ ಕೈಯಿಲ್ಲದ್ದೂ ಉಂಟು. ಪುಗ್ಗೆ ಕೈ 80ರ ದಶಕದಲ್ಲಿ ಮತ್ತೆ ಬಂತು, ಆದರೆ ಆಗ ಫೋಟೋ ಬಹುಪಾಲು ಬಣ್ಣದ್ದು, ಹಾಗಾಗಿ ಗೊಂದಲವಾಗುವುದು ಕಡಿಮೆ.

ಈ ದಶಕಗಳು ಮದರಾಸು, ಮಂಗಳೂರಿನ ಗಡಿಯಾರ. ಅಡೂರು, ಪೈವಳಿಕೆ, ಎಣ್ಮಕಜೆ ಕಡೆಯ ತೋಟದ ಮನೆಗೆ ಐದು ಹತ್ತು ವರ್ಷ ಕೂಡಿಸಿ. ರೈಲು 1907ರಲ್ಲೇ ಮಂಗಳೂರು ತಲುಪಿತು, ಅಂದಮಾತ್ರಕ್ಕೆ ಹೊಲಿಗೆ ಅದೇ ವೇಗದಲ್ಲಿ ಗುಡ್ಡ ಹತ್ತಲಿಲ್ಲ.

ಸೀರೆಯಲ್ಲಿ ನೋಡಬೇಕಾದ್ದು ಉಡುವ ಕ್ರಮ ಮತ್ತು ಬಟ್ಟೆಯ ಸ್ವಭಾವ. ಕಾಲ ನಡುವಿನಿಂದ ಹಿಂದಕ್ಕೆ ಸಿಕ್ಕಿಸಿದ ಒಂಬತ್ತು ಗಜದ ಕಚ್ಚೆಯೋ, ಮುಂದೆ ನಿರಿಗೆ ಹಿಡಿದು ಎಡ ಹೆಗಲಿಗೆ ಸೆರಗು ಹಾಕುವ ಈಗಿನ ಕ್ರಮವೋ? ಕುಳಿತವರಲ್ಲಿ ಇದು ತಿಳಿಯದು, ನಿಂತವರ ಕಾಲಬುಡ ನೋಡಿ: ಕಚ್ಚೆಯಾದರೆ ಎರಡು ಕಾಲೂ ಬೇರೆ ಬೇರೆಯಾಗಿ ಕಾಣುತ್ತವೆ. ಕೊಂಕಣಿ ಸಾರಸ್ವತರ ಮನೆಗಳಲ್ಲಿ ತಾಯಿ ಕಚ್ಚೆಯಲ್ಲಿ, ಮಗಳು ನಿರಿಗೆಯಲ್ಲಿ ಅಕ್ಕಪಕ್ಕ ನಿಂತ ಫೋಟೋ ಸಿಕ್ಕರೆ ಬದಲಾವಣೆಯ ತಲೆಮಾರನ್ನೇ ಹಿಡಿದಂತೆ. ಗಂಜಿ ಹಾಕಿದ ನೂಲಿನ ಸೀರೆಯ ನಿರಿಗೆ ಹಲಗೆಯಂತೆ ನಿಲ್ಲುತ್ತದೆ, ರೇಶ್ಮೆಯ ಮಡಿಕೆಯ ಏಣಿನಲ್ಲಿ ಬೆಳಕಿನ ಗೆರೆ ಹೊಳೆಯುತ್ತದೆ. ಮೈಗಂಟಿ ಜಾರುವ, ಒಳಲಂಗದ ಅಂಚು ತೋರಿಸುವ ಸೀರೆ ನೈಲಾನ್, 1950ರ ಕೊನೆಗಿಂತ ಹಿಂದೆ ಹೋಗದು. ಸೀರೆಯ ಉದ್ದಕ್ಕೂ ಚೌಕಚೌಕ ಮಡಿಕೆಯ ಗುರುತು ಇದ್ದರೆ ಪೆಟ್ಟಿಗೆಯಿಂದ ಆಗಷ್ಟೇ ತೆಗೆದದ್ದು. ಹಾಗಿದ್ದರೆ ಮದುವೆ, ಸೀಮಂತ, ಗೃಹಪ್ರವೇಶದಂಥ ಸಂದರ್ಭವಿರಬೇಕು ಎಂದು ಹುಡುಕಲು ದಾರಿಯಾಯಿತು.

ಒಡವೆ ಕಾಲಕ್ಕೆ ಸಾಕ್ಷಿಯಲ್ಲ, ಸಂಬಂಧಕ್ಕೆ ಸಾಕ್ಷಿ. ಬೆಂಡೋಲೆ, ಚಕ್ರಸರ, ಪವನಿನ (ಚಿನ್ನದ ನಾಣ್ಯದ) ಸರ, ಡಾಬು ತಾಯಿಯಿಂದ ಮಗಳಿಗೋ ಅತ್ತೆಯಿಂದ ಸೊಸೆಗೋ ಹೋಗುತ್ತವೆ. ಫೋಟೋದಲ್ಲಿರುವ ಸರ ಈಗ ಯಾರ ಪೆಟ್ಟಿಗೆಯಲ್ಲಿದೆ ಎಂದು ಕೇಳಿ. ಅಲ್ಲಿಂದ ಹಿಂದಕ್ಕೆ ಹೋದರೆ ಕೊರಳಿನ ಹೆಸರು ಸಿಗುತ್ತದೆ. ಪವನಿನ ಸರವೇ ಕೈಗೆ ಸಿಕ್ಕರೆ ಇನ್ನೂ ಒಳ್ಳೆಯದು, ನಾಣ್ಯದ ಮೇಲಿನ ಇಸವಿ ಓದಿ. ಏಳನೇ ಎಡ್ವರ್ಡನ ಮುಖವಿದ್ದರೆ ನಾಣ್ಯ 1902–10ರದ್ದು, ಐದನೇ ಜಾರ್ಜನಿದ್ದರೆ 1911ರ ಮೇಲಿನದು. ಆ ಸರ ತೊಟ್ಟ ಫೋಟೋ ಅದಕ್ಕಿಂತ ಹಿಂದಿನದಾಗಲಾರದು. ಫೋಟೋದಲ್ಲೇ ನಾಣ್ಯದ ಮುಖ ಓದುವ ಆಸೆ ಬೇಡ.

ಗಂಡಸರು: ತಲೆಯಿಂದ ಕೆಳಕ್ಕೆ

ತಲೆ, ಕಾಲರು, ಎದೆಯ ಜೇಬು, ಮಣಿಕಟ್ಟು, ಈ ಕ್ರಮದಲ್ಲಿ ನೋಡಿದರೆ ಏನೂ ತಪ್ಪಿಹೋಗದು. ಮುಂಭಾಗ ಬೋಳಿಸಿ ಜುಟ್ಟು ಬಿಟ್ಟವರ ನಡುವೆ ಕ್ರಾಪು ಬಿಟ್ಟ ಒಬ್ಬ ಹುಡುಗ ಇದ್ದರೆ ಅವನು ಪೇಟೆಯಲ್ಲಿ ಓದುತ್ತಿದ್ದವನು. 1957ಕ್ಕೆ ಮೊದಲು ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಇರಲಿಲ್ಲ, ಓದಿಗೆ ಮಂಗಳೂರೇ ಗತಿ. ಅಂಥವನ ಫೋಟೋ ಮಂಗಳೂರಿನ ಸ್ಟುಡಿಯೋದ್ದಾಗಿದ್ದರೆ ಆಶ್ಚರ್ಯವಿಲ್ಲ. ಮುಂಡಾಸು, ಜರಿ ರುಮಾಲು ಪಟೇಲರು, ಶಾನುಭೋಗರು, ವಕೀಲರು, ಮೇಷ್ಟ್ರುಗಳ ತಲೆಯ ಮೇಲೆ 1930–40ರ ತನಕವೂ ಇದ್ದವು, ಹಾಗಾಗಿ ಅವು ಕಾಲ ಹೇಳಲು ನಿಷ್ಪ್ರಯೋಜಕ, ಉದ್ಯೋಗ ಹೇಳಲು ಮಾತ್ರ ಉಪಯೋಗ. ಗಾಂಧಿ ಟೋಪಿ ಹಾಗಲ್ಲ. ಅದು ಅಸಹಕಾರ ಚಳವಳಿಯೊಂದಿಗೆ, 1920ರ ಹೊತ್ತಿಗೆ ಹಬ್ಬಿದ್ದು. ಅದನ್ನು ತೊಟ್ಟವನಿರುವ ಫೋಟೋ ಅದಕ್ಕಿಂತ ಹಿಂದಿನದಲ್ಲ. ಹಿನ್ನೆಲೆಯಲ್ಲಿ ಧ್ವಜವಿದ್ದರೆ ಹಿಗ್ಗಿಸಿ ನೋಡಿ: ಚರಕವಿದ್ದರೆ ಕಾಂಗ್ರೆಸ್ಸಿನ ಧ್ವಜ, ಅಶೋಕಚಕ್ರವಿದ್ದರೆ 1947ರ ಜುಲೈ 22ರ ನಂತರದ್ದು.

ಕತ್ತಿನ ತನಕ ಗುಂಡಿ ಹಾಕಿದ ಕೋಟು ಹಳೆಯ ಕ್ರಮ. ತೆರೆದ ಕಾಲರಿನ ಕೋಟಿನೊಳಗೆ ಅಂಗಿ, ಟೈ, ಕೆಳಗೆ ಕಚ್ಚೆಪಂಚೆ, ಬರಿಗಾಲು ಎಂಬ ಜೋಡಣೆ 1920ರಿಂದ 40ರ ದಶಕದ ಗುಮಾಸ್ತರು, ಮೇಷ್ಟ್ರುಗಳದ್ದು. ಅಂಗಿಯ ಗುಂಡಿಪಟ್ಟಿ ಎದೆಯ ಅರ್ಧಕ್ಕೇ ನಿಂತು ತಲೆಯಿಂದ ಹಾಕಿಕೊಳ್ಳುವಂತಿದ್ದರೆ ಹಳೆಯದು, ಕೆಳತನಕ ಗುಂಡಿ ಇದ್ದರೆ ಆಮೇಲಿನದು. ಪ್ಯಾಂಟಿನ ಹೊರಗೆ ಬಿಡುವ, ಎರಡು ಜೇಬಿನ ಬುಶ್‌ಶರ್ಟ್ ಎರಡನೇ ಮಹಾಯುದ್ಧದ ನಂತರದ್ದು. ಸುಕ್ಕೇ ಇಲ್ಲದ, ಇಸ್ತ್ರಿಯ ಗೆರೆ ಕತ್ತಿಯಂತೆ ನಿಂತ ಅಂಗಿ ಟೆರಿಲಿನ್, 60ರ ದಶಕ. ನಾಯಿಯ ಕಿವಿಯಂಥ ಉದ್ದ ಕಾಲರು, ಬೆಲ್‌ಬಾಟಂ, ಕೆನ್ನೆಯ ಉದ್ದಕ್ಕೂ ಕೃತಾವು 70ರ ದಶಕ. ಅದೇ ದಶಕದಲ್ಲಿ ಗಲ್ಫಿನಿಂದ ಬಂದವರ ಫೋಟೋಗಳೂ ಶುರುವಾಗುತ್ತವೆ: ಮಡಿಲಲ್ಲಿ ಟೇಪ್‌ರೆಕಾರ್ಡರ್, ಕಣ್ಣಿಗೆ ಕಪ್ಪು ಕನ್ನಡಕ, ಹೆಂಡತಿಗೆ ಹೊಳೆಯುವ ಫಾರಿನ್ ಸೀರೆ. ಪ್ರಿಂಟಿನ ಮೂಲೆ ದುಂಡಗಿದ್ದು, ಬಣ್ಣವೆಲ್ಲ ಕೆಂಪಡರಿದ್ದರೆ ಆಶ್ಚರ್ಯಪಡಬೇಡಿ, ಆ ಕಾಲದ ಪ್ರಿಂಟುಗಳಲ್ಲಿ ನೀಲಿಹಸಿರು ಬಣ್ಣ ಮೊದಲು ಸಾಯುತ್ತದೆ.

ಜೇಬಿನಿಂದ ಗುಂಡಿಗೆ ಸರಪಳಿ ತೂಗಿದರೆ ಜೇಬುಗಡಿಯಾರ. ಗಂಡಸಿನ ಮಣಿಕಟ್ಟಿನ ಗಡಿಯಾರ ಮೊದಲನೇ ಮಹಾಯುದ್ಧದ ಈಚೆಗೆ ರೂಢಿಗೆ ಬಂದದ್ದು. ಮುಂಗೈ ಮುಂದೆ ಮಾಡಿ ಕೂತಿದ್ದರೆ ಗಡಿಯಾರ ಹೊಸತು ಎಂದೂ ಓದಬಹುದು.

ಗಡಿನಾಡಿನ ಅಡ್ಡದಾರಿಗಳು

ಮೈಸೂರು ಕಡೆಯ ಕಣ್ಣಿನಿಂದ ಕಾಸರಗೋಡಿನ ಫೋಟೋ ಓದಿದರೆ ತಪ್ಪುತ್ತದೆ. ಬಿಳಿ ಬಟ್ಟೆ ಉಟ್ಟ ಹೆಂಗಸು ಎಂದರೆ ವಿಧವೆ ಎಂದುಕೊಳ್ಳುವುದು ಅಂಥ ತಪ್ಪುಗಳಲ್ಲಿ ಮೊದಲನೆಯದು. ನಾಯರ್, ತೀಯ ಮನೆತನಗಳ ಮುತ್ತೈದೆಯರು ಬಿಳಿಯ ಮುಂಡು, ಮೇಲೆ ಹೊದೆಯುವ ನೇರಿಯದು ಉಡುತ್ತಾರೆ. ಸಣ್ಣ ಅಂಚು, ಕೊರಳಿನ ಚಿನ್ನ, ಕಿವಿಯ ತೋಡ ನೋಡಿ ತೀರ್ಮಾನಿಸಿ. ಮಾಪಿಳ್ಳೆ (ಮಲಯಾಳಿ ಮುಸ್ಲಿಂ) ಹೆಂಗಸರ ಬಿಳಿ ಕುಪ್ಪಾಯ (ಮೇಲಂಗಿ), ಉಡುವ ಅಂಚಿನ ಕಚ್ಚಿ, ತಲೆಯ ತಟ್ಟ (ಮುಸುಕು), ಗಂಡಸರ ತಳಂಗರೆ ಟೊಪ್ಪಿ ಗುರುತು ಹಿಡಿಯಲು ಸುಲಭ. ಮುಂಡಿನ ತುದಿಯನ್ನು ಹಿಂದೂಗಳು ಬಲಕ್ಕೂ ಮುಸ್ಲಿಮರು ಎಡಕ್ಕೂ ಸಿಕ್ಕಿಸುವ ರೂಢಿ ಇದೆ. ಕಚ್ಚೆಪಂಚೆಯವರ ನಡುವೆ ಅಡ್ಡಪಂಚೆ, ಹೆಗಲಿಗೆ ಬೈರಾಸು ಹಾಕಿ ಅಂಚಿಗೆ ನಿಂತವರು ಒಕ್ಕಲಿನವರೋ ಕೆಲಸದವರೋ ಆಗಿರುವುದುಂಟು. ಅವರ ಹೆಸರನ್ನೂ ಕೇಳಿ ಬರೆಯಿರಿ, ಅವರ ಮೊಮ್ಮಕ್ಕಳ ಮನೆಯಲ್ಲಿ ಬೇರೆ ಫೋಟೋ ಇಲ್ಲದೇ ಹೋಗಬಹುದು.

ಮುಂಡು, ಸೆರಗು, ಜನಿವಾರ ಮೂರೂ ಇನ್ನೊಂದಕ್ಕೂ ಉಪಯೋಗ. ನೆಗೆಟಿವನ್ನು ತಿರುಗಿಸಿ ಪ್ರಿಂಟ್ ಹಾಕಿದರೆ ಎಡಬಲ ಅದಲುಬದಲಾಗುತ್ತದೆ. ಜನಿವಾರ ಬಲ ಹೆಗಲಿನಲ್ಲಿದ್ದು, ಸೆರಗುಗಳೂ ಬಲಕ್ಕಿದ್ದರೆ ಚಿತ್ರ ತಿರುಗಿದೆ. ಸಾಲಿನಲ್ಲಿ 'ಎಡದಿಂದ ಮೂರನೆಯವರು' ಎಂಬ ಹಳೆಯ ಪಟ್ಟಿ ಹೊಂದದೇ ಇರಲು ಇದೇ ಕಾರಣವಾಗಿರಬಹುದು.

ಮೋಸ ಮಾಡುವ ಬಟ್ಟೆಗಳೂ ಇವೆ. ಸ್ಟುಡಿಯೋದವರೇ ಕೋಟು, ಶಾಲು ಕೊಡುತ್ತಿದ್ದರು. ಭುಜ ಜಾರಿದ, ಕೈತುದಿ ಬೆರಳಿಗೆ ಬಂದ ಕೋಟು ಕಂಡರೆ ಅನುಮಾನಿಸಿ. ಅದೇ ಸ್ಟುಡಿಯೋದ ಬೇರೆ ಫೋಟೋದಲ್ಲಿ ಅದೇ ಕೋಟು ಇನ್ನೊಬ್ಬನ ಮೈಮೇಲೆ ಸಿಕ್ಕರೆ ಖಚಿತ. ತೀರಿಕೊಂಡವರ ದೊಡ್ಡ ಫೋಟೋಗಳು ಹೆಚ್ಚಾಗಿ ಯಾವುದೋ ಗುಂಪು ಫೋಟೋದಿಂದ ಮುಖ ಮಾತ್ರ ಎತ್ತಿ, ಎನ್‌ಲಾರ್ಜ್ ಮಾಡಿ, ಕೋಟನ್ನೂ ಶಾಲನ್ನೂ ಕುಂಚದಿಂದ ಬರೆದವು. ಮುಖದಲ್ಲಿ ಫೋಟೋದ ಕಾಳು, ಬಟ್ಟೆಯಲ್ಲಿ ಕುಂಚದ ಗೆರೆ ಇದ್ದರೆ ಬಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮೊಗ್ಗಿನ ಜಡೆ, ಲಂಗ, ಬಳೆ ತೊಟ್ಟು ಹಿಂದೆ ಕನ್ನಡಿ ಇಟ್ಟು ತೆಗೆಸಿದ ನಾಲ್ಕು ವರ್ಷದ 'ಹುಡುಗಿ' ಎಷ್ಟೋ ಸಲ ಹುಡುಗ, ಕೂದಲು ತೆಗೆಸುವ ಮೊದಲು ತಾಯಿಯ ಆಸೆಗೆ ಹೆಣ್ಣುವೇಷ ಹಾಕಿಸಿದ್ದು. ವಂಶವೃಕ್ಷದಲ್ಲಿ ಇಲ್ಲದ ಮಗಳು ಹುಟ್ಟಿಕೊಳ್ಳುವುದು ಹೀಗೆ. ಇನ್ನು ಯಕ್ಷಗಾನದ ವೇಷದ ಫೋಟೋ: ಕಿರೀಟ, ದಗಲೆ ನೋಡಿ ಕಾಲ ಹೇಳಲು ಹೋಗಬೇಡಿ, ರಂಗಸ್ಥಳದ ಮೇಲೆ ತೂಗುವುದು ಗ್ಯಾಸ್‌ಲೈಟೋ ಟ್ಯೂಬ್‌ಲೈಟೋ ನೋಡಿ.

ಒಂದು ಫೋಟೋ ಬಿಡಿಸಿ ನೋಡೋಣ

ಹೀಗೊಂದು ಗುಂಪು ಫೋಟೋ ಇದೆ ಎಂದಿಟ್ಟುಕೊಳ್ಳಿ. ಬೂದು ರಟ್ಟಿಗೆ ಅಂಟಿಸಿದ ಹಾಫ್ ಸೈಜ್ ಪ್ರಿಂಟು, ಅಂದರೆ ಆರೂವರೆಗೆ ನಾಲ್ಕೂಮುಕ್ಕಾಲು ಇಂಚು. ಕಪ್ಪು ಭಾಗದಲ್ಲಿ ಬೆಳ್ಳಿ ಹೊಳಪು. ಹಿಂಬದಿಯಲ್ಲಿ ಪೆನ್ಸಿಲಿನಿಂದ 'ತಾರಣ ಸಂ.' ಎಂದಷ್ಟೇ. ನಡುವೆ ಕುರ್ಚಿಯಲ್ಲಿ ಮುಂಡಾಸು, ಮುಚ್ಚುಕಾಲರಿನ ಕೋಟಿನ ಅಜ್ಜ. ಪಕ್ಕದಲ್ಲಿ ಕಡುಗಪ್ಪು ಬಟ್ಟೆಯಲ್ಲಿ ತಲೆ ಮುಚ್ಚಿದ ಮುದುಕಿ. ಹಿಂದೆ ಕ್ರಾಪಿನ ತರುಣ, ಅರ್ಧತೋಳಿನ ಅಂಗಿ, ಕೈಗಡಿಯಾರ. ಅವನ ಪಕ್ಕ ಪುಗ್ಗೆ ಕೈ ರವಕೆಯ ತರುಣಿ, ಸೀರೆಯಲ್ಲಿ ಮಡಿಕೆಯ ಗುರುತು.

ತಾರಣ ಎಂದರೆ 1884–85, 1944–45, 2004–05. ಅಜ್ಜನನ್ನೂ ಮುದುಕಿಯನ್ನೂ ನೋಡಿದವರು 1884 ಎನ್ನುತ್ತಾರೆ. ಕೈಗಡಿಯಾರ ಅದನ್ನು ಹೊಡೆದುಹಾಕುತ್ತದೆ, ಪುಗ್ಗೆ ಕೈ 40ರ ದಶಕಕ್ಕೆ ತಂದು ನಿಲ್ಲಿಸುತ್ತದೆ. 1944–45 ಉಳಿಯಿತು. ಆ ವರ್ಷಗಳು ಯುದ್ಧಕಾಲದವು, 1943ರಿಂದ ಬಟ್ಟೆಗೆ ಕಂಟ್ರೋಲ್ ಇತ್ತು. ಅಂಥ ಕಾಲದಲ್ಲಿ ಹೊಸ ಸೀರೆ, ಸ್ಟುಡಿಯೋದ ತನಕ ಹೋಗಿ ಫೋಟೋ ಎಂದರೆ ಹೊಸ ಮದುವೆಯೇ ಆಗಿರುವ ಸಂಭವ ಹೆಚ್ಚು. ತಾರಣ ಸಂವತ್ಸರದ ಲಗ್ನಪತ್ರಿಕೆ ಪೆಟ್ಟಿಗೆಯಲ್ಲಿದೆಯೇ ನೋಡಿ. ಇನ್ನೊಂದು: ಕುಂಕುಮ ಕಪ್ಪಾಗಿ ಬಿದ್ದಿದ್ದರೆ ಸ್ಟುಡಿಯೋ ಇನ್ನೂ ಹಳೆಯ ಪ್ಲೇಟನ್ನೇ ಬಳಸುತ್ತಿತ್ತು ಎಂದರ್ಥ, ಮುದುಕಿಯ ಬಟ್ಟೆಯನ್ನು ಕೆಂಪು ಎಂದು ಓದಿಕೊಳ್ಳಬೇಕು. ಆಗ ಅವಳು ವಿಧವೆ, ಕುರ್ಚಿಯ ಅಜ್ಜನ ಹೆಂಡತಿಯಾಗಲಾರಳು. ತಾಯಿಯೋ ಅಕ್ಕನೋ. ವಯಸ್ಸಿನ ಅಂತರ ನೋಡಿ ತೀರ್ಮಾನಿಸಿ. ಬಟ್ಟೆಯ ಬಣ್ಣವೊಂದು ಸಂಬಂಧವನ್ನೇ ಬದಲಿಸಿತು.

ಹೋಲಿಕೆಗೆ ಇಸವಿ ಖಚಿತವಿರುವ ಚಿತ್ರಗಳು ಬೇಕು. ಬಾಸೆಲ್ ಮಿಷನ್ನಿನವರು ದಕ್ಷಿಣ ಕನ್ನಡ, ಮಲಬಾರಿನಲ್ಲಿ ತೆಗೆದ ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲಿನ ಸಂಗ್ರಹದಲ್ಲಿವೆ, ಜಾಲದಲ್ಲಿ ಉಚಿತವಾಗಿ ನೋಡಬಹುದು. ಹತ್ತಿರದಲ್ಲೇ ಬೇಕೆಂದರೆ ಹಳೆಯ ಶಾಲೆಗಳ ಗುಂಪು ಫೋಟೋ: ಮುಂದಿನ ಸಾಲಿನ ಹುಡುಗನ ಕೈಯ ಸ್ಲೇಟಿನಲ್ಲಿ ತರಗತಿ, ಇಸವಿ ಬರೆದಿರುತ್ತದೆ.

ಹಿರಿಯರನ್ನು ಕೇಳುವಾಗ

"ಅಜ್ಜೀ, ಇದು ಯಾರು?" ಎಂದು ಕೇಳಿದರೆ "ಗೊತ್ತಿಲ್ಲ ಮಗಾ, ಕಣ್ಣು ಸರಿ ಕಾಣುವುದಿಲ್ಲ" ಎಂಬ ಉತ್ತರ ಬರುತ್ತದೆ. ಬಟ್ಟೆಯನ್ನು ಕೇಳಿ. "ಅಜ್ಜೀ, ಈ ನಮೂನೆಯ ರವಕೆ ಆಗ ಯಾರು ಹೊಲಿದು ಕೊಡುತ್ತಿದ್ದದ್ದು? ಈ ಸೀರೆ ಎಂತದ್ದು, ಎಲ್ಲಿಂದ ತಂದದ್ದು?" ಎಂದರೆ ದರ್ಜಿಯ ಹೆಸರು, ಅಂಗಡಿ, ಯಾರ ಮದುವೆಗೆ ತಂದದ್ದು, ಅದರಲ್ಲಿ ಆದ ಜಗಳ ಎಲ್ಲ ಬರುತ್ತದೆ. ಆ ಮಾತಿನ ಮಧ್ಯೆ ಹೆಸರು ತಾನಾಗಿ ಬೀಳುತ್ತದೆ. ಫೋಟೋವನ್ನು ದೊಡ್ಡದಾಗಿ, ಕನಿಷ್ಠ ಎ4 ಅಳತೆಗೆ ಪ್ರಿಂಟ್ ಹಾಕಿಸಿ ತೋರಿಸಿ, ಫೋನಿನ ಪರದೆಯಲ್ಲಿ ಬೇಡ. ನಿಮ್ಮ ಊಹೆಯನ್ನು ಮೊದಲೇ ಹೇಳಬೇಡಿ, "ಹೌದು, ಹಾಗೇ ಇರಬೇಕು" ಎಂದು ಒಪ್ಪಿಬಿಡುತ್ತಾರೆ. ಇಬ್ಬರು ಹಿರಿಯರನ್ನು ಬೇರೆ ಬೇರೆ ಕೂರಿಸಿ ಕೇಳಿ.

ಬರೆಯುವುದು ಮೂಲ ಫೋಟೋದ ಹಿಂಬದಿಯ ಅಂಚಿನಲ್ಲಿ, 2ಬಿ ಪೆನ್ಸಿಲಿನಿಂದ, ಒತ್ತದೆ. ಬಾಲ್‌ಪೆನ್ನಿನ ಗೀರು ಮುಂಭಾಗದ ಮುಖದ ಮೇಲೆ ಉಬ್ಬಿ ಬರುತ್ತದೆ, ಶಾಯಿ ಮಳೆಗಾಲದಲ್ಲಿ ಹರಡುತ್ತದೆ. ಗೊತ್ತಿದ್ದದ್ದು ಮತ್ತು ಊಹಿಸಿದ್ದು ಬೇರೆಬೇರೆಯಾಗಿರಲಿ: 'ಸುಮಾರು 1944–45; ತಾರಣ ಸಂ. ಎಂದು ಹಳೆಯ ಬರಹ. ರವಕೆ, ಕೈಗಡಿಯಾರದಿಂದ ಊಹೆ. ನಿಂತ ತರುಣಿಯ ಹೆಸರು ಹೇಳಿದವರು ಇಂಥವರು, ಇಂಥ ದಿನ.' ಆ ಮೇಲೆ ಫೋಟೋವನ್ನು ಅಂಟುಹಾಳೆಯ ಆಲ್ಬಮಿಗೆ ಹಾಕಬೇಡಿ, ಹತ್ತು ವರ್ಷದಲ್ಲಿ ಬಿಡಿಸಲಾಗದಂತೆ ಹಿಡಿದುಕೊಳ್ಳುತ್ತದೆ. ಒಂದೊಂದನ್ನೂ ಬಿಳಿ ಕಾಗದದ ಲಕೋಟೆಯಲ್ಲಿಟ್ಟು, ಗೋಡೆಗೆ ತಾಗದ ಮರದ ಕಪಾಟಿನ ನಡುವಿನ ಅರೆಯಲ್ಲಿಡಿ. ಗೋಡೆಗೆ ಮತ್ತೆ ತೂಗುಹಾಕಲೇಬೇಕೆಂದಿದ್ದರೆ ಸ್ಕ್ಯಾನಿನಿಂದ ಹೊಸ ಪ್ರಿಂಟ್ ತೆಗೆಸಿ ಅದಕ್ಕೆ ಕಟ್ಟು ಹಾಕಿಸಿ, ಗಾಜಿಗೂ ಪ್ರಿಂಟಿಗೂ ನಡುವೆ ಸುತ್ತಲೂ ರಟ್ಟಿನ ಪಟ್ಟಿ ಇಡಲು ಕಟ್ಟಿನವರಿಗೆ ಹೇಳಿ.